ಗಾಲಿಯ ಮೇಲಿನ ಒಲೆ

ಅಯ್ಯಪ್ಪ ಮಾಲೆಯ ದಿನಗಳು ಶುರುವಾದವೆಂದರೆ ಬೆಂಗಳೂರಿನ ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಬೀದಿಗಳಲ್ಲಿ ಬೆಳಗಿನ ಜಾವವೇ ಬಸ್ಸು, ಟೆಂಪೊ ಟ್ರಾವೆಲರ್‌ಗಳಿಗೆ ಸಾಮಾನು ತುಂಬುವ ಗಡಿಬಿಡಿ ಕಾಣಿಸುತ್ತದೆ. ಹೂವಿನ ಹಾರ ಗಾಡಿಯ ಮುಂದಕ್ಕೆ, ಇರುಮುಡಿ ಒಳಕ್ಕೆ. ಅಕ್ಕಿ ಮೂಟೆ, ತರಕಾರಿ ಚೀಲ, ಪಾತ್ರೆ ಪಡಗ ಎಲ್ಲ ಡಿಕ್ಕಿಗೆ. ಕೊನೆಗೆ ಒಂದು ಒಲೆ, ಒಂದು ಗ್ಯಾಸ್ ಸಿಲಿಂಡರ್. ಡಿಕ್ಕಿಯ ಎತ್ತರ ಸಾಲದೆ ಬಂದರೆ ಸಿಲಿಂಡರನ್ನು ಮಲಗಿಸಿ, ಉರುಳದಂತೆ ಪಕ್ಕಕ್ಕೆ ಮೂಟೆ ಒತ್ತರಿಸಿ ಬಾಗಿಲು ಹಾಕುತ್ತಾರೆ. ಶಬರಿಮಲೆಗೆ ಹೋಗಲಿ, ಪಂಢರಪುರಕ್ಕೆ ಹೋಗಲಿ, ಕಾಶಿಗೇ ಹೋಗಲಿ, ದಾರಿಯಲ್ಲಿ ನಿಲ್ಲಿಸಿ ಬಿಸಿ ಅನ್ನ ಸಾರು ಮಾಡಿಕೊಂಡು ಉಣ್ಣುವುದು ನಮ್ಮ ಪ್ರವಾಸದ ದೊಡ್ಡ ಸುಖ.

ಅಮೆರಿಕ, ಯುರೋಪುಗಳಲ್ಲಿ ಮನೆಯನ್ನೇ ಗಾಲಿಗೇರಿಸಿಕೊಂಡು ತಿರುಗುವ ವಾಹನಗಳಿವೆ. ಅವುಗಳಲ್ಲಿ ಅಡುಗೆ, ಬಿಸಿನೀರು, ಚಳಿ ಕಾಯಿಸುವ ಹೀಟರ್, ಕೆಲವೊಮ್ಮೆ ಫ್ರಿಜ್ ಕೂಡ ನಡೆಯುವುದು ಪ್ರೊಪೇನ್ ಅನಿಲದಿಂದ. ಅಂಥ ಕ್ಯಾರವಾನ್‌ಗಳು ಈಗ ಬೆಂಗಳೂರಿನಲ್ಲೂ ಬಾಡಿಗೆಗೆ ಸಿಗುತ್ತವೆ. ಆದರೆ ಅವುಗಳ ಸಂಖ್ಯೆ ಇನ್ನೂ ಕಡಿಮೆ. ನಮ್ಮಲ್ಲಿ ಗಾಲಿಯ ಮೇಲೆ ಒಲೆ ಹೊತ್ತು ತಿರುಗುವವರೆಂದರೆ ಯಾತ್ರೆಯ ಬಸ್ಸಿನವರು, ಸಂಜೆಯಾದರೆ ರಸ್ತೆಬದಿಗೆ ಬಂದು ನಿಲ್ಲುವ ಫುಡ್ ಟ್ರಕ್‌ನವರು, ಯಶವಂತಪುರದ ಮಾರುಕಟ್ಟೆ ಪ್ರಾಂಗಣದ ಸುತ್ತಮುತ್ತ ಲಾರಿಯ ನೆರಳಲ್ಲೇ ರೊಟ್ಟಿ ಬೇಯಿಸಿಕೊಳ್ಳುವ ಚಾಲಕರು. ಇವರೆಲ್ಲರ ಕೈಯಲ್ಲಿರುವುದು ಮನೆಯ ಅಡುಗೆಕೋಣೆಯಲ್ಲಿ ಕಲಿತ ಅಭ್ಯಾಸ. ಚಲಿಸುವ, ಕುಲುಕುವ, ಬಿಸಿಲಲ್ಲಿ ನಿಲ್ಲುವ, ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ ಆ ಅಭ್ಯಾಸ ಸಾಲುವುದಿಲ್ಲ. ಏಕೆ ಸಾಲುವುದಿಲ್ಲ ಎಂಬುದು ಅನಿಲದ ಸ್ವಭಾವದಲ್ಲೇ ಇದೆ.

ಈ ಅನಿಲ ಇಂಧನವಾಗಿ ಮನುಷ್ಯನ ಕಣ್ಣಿಗೆ ಬಿದ್ದದ್ದೂ ಒಂದು ವಾಹನದಿಂದಲೇ. 1910ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಒಬ್ಬ ಕಾರಿನ ಮಾಲೀಕ, ತಾನು ಕೊಂಡ ಪೆಟ್ರೋಲ್ ಮನೆ ತಲುಪುವಷ್ಟರಲ್ಲಿ ಗಾಳಿಗೆ ಹಾರಿ ಕಡಿಮೆಯಾಗುತ್ತಿದೆ ಎಂದು ದೂರಿದ. ಅಲ್ಲಿನ ಗಣಿ ಇಲಾಖೆಯ ರಸಾಯನ ವಿಜ್ಞಾನಿ ವಾಲ್ಟರ್ ಸ್ನೆಲ್ಲಿಂಗ್ ಆ ಪೆಟ್ರೋಲನ್ನು ಗಾಜಿನ ಜಾಡಿಯಲ್ಲಿ ತುಂಬಿಕೊಂಡು ಹೊರಟಾಗ ಜಾಡಿಯ ಬಿರಡೆ ಮತ್ತೆ ಮತ್ತೆ ಚಿಮ್ಮಿ ಹೊರಬರುತ್ತಿತ್ತು. ಚಿಮ್ಮಿಸುತ್ತಿದ್ದ ಆವಿಯನ್ನು ಬೇರ್ಪಡಿಸಿ ನೋಡಿದಾಗ ಸಿಕ್ಕವುಗಳಲ್ಲಿ ಪ್ರೊಪೇನ್, ಬ್ಯೂಟೇನ್ ಇದ್ದವು. 1913ರಲ್ಲಿ ಅವರಿಗೆ ಅದರ ಪೇಟೆಂಟ್ ದೊರೆಯಿತು. ಒತ್ತಿದರೆ ದ್ರವ, ಬಿಟ್ಟರೆ ಆವಿ: ಸ್ನೆಲ್ಲಿಂಗರ ಬಿರಡೆಯನ್ನು ಹಾರಿಸಿದ ಆ ಗುಣವೇ ಇಂದಿಗೂ ನಮ್ಮ ಅನುಕೂಲ, ನಮ್ಮ ಅಪಾಯ ಎರಡೂ.

ನಮ್ಮ ಮನೆಯ ಕೆಂಪು ಸಿಲಿಂಡರಿನಲ್ಲಿ ಇರುವ ಎಲ್‌ಪಿಜಿ ಎಂದರೆ ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ. ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ. 30 ಡಿಗ್ರಿಯ ಹಗಲಿನಲ್ಲಿ ಬರಿಯ ಪ್ರೊಪೇನ್ ತುಂಬಿದ ಪಾತ್ರೆಯೊಳಗಿನ ಒತ್ತಡ ವಾತಾವರಣದ ಒತ್ತಡದ ಹತ್ತು ಪಟ್ಟಿಗೂ ಹೆಚ್ಚು, ಬರಿಯ ಬ್ಯೂಟೇನಿನದು ಮೂರು ಪಟ್ಟಿಗೆ ಸಮೀಪ. ಮಿಶ್ರಣದ ಒತ್ತಡ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಮನೆಯ ಒಲೆಗಾದರೋ ಬೇಕಾದದ್ದು ಒಂದು ಚದರ ಸೆಂಟಿಮೀಟರಿಗೆ 30 ಗ್ರಾಂನಷ್ಟು, ಅಂದರೆ ವಾತಾವರಣದ ಒತ್ತಡದ ಮೇಲೆ ನೂರರಲ್ಲಿ ಮೂರು ಪಾಲು ಮಾತ್ರ. ಇಷ್ಟು ದೊಡ್ಡ ಒತ್ತಡವನ್ನು ಅಷ್ಟು ಚಿಕ್ಕದಕ್ಕೆ ಇಳಿಸುವುದು ರೆಗ್ಯುಲೇಟರಿನೊಳಗಿನ ತೆಳುವಾದ ರಬ್ಬರ್ ಪೊರೆ, ಒಂದು ಸ್ಪ್ರಿಂಗು. ಅದರ ಹೊಣೆ ಎಷ್ಟು ದೊಡ್ಡದು ಎಂದು ಒಮ್ಮೆ ಮನಸ್ಸಿಗೆ ಬಂದರೆ ಯಾರೂ ಅದನ್ನು ಅಕ್ಕಿ ಮೂಟೆಯ ಕೆಳಗೆ ಸಿಕ್ಕಿಸುವುದಿಲ್ಲ.

ಮಲಗಿಸಿದ ಸಿಲಿಂಡರಿನ ತೊಂದರೆ ಇಲ್ಲಿ ಶುರುವಾಗುತ್ತದೆ. ನಿಂತ ಸಿಲಿಂಡರಿನಲ್ಲಿ ಕೆಳಗೆ ದ್ರವ, ಮೇಲೆ ಆವಿ. ವಾಲ್ವ್ ಇರುವುದು ಆವಿಯ ಜಾಗದಲ್ಲಿ. ತುಂಬುವಾಗಲೇ ನೂರಕ್ಕೆ ಸುಮಾರು 15 ಪಾಲು ಜಾಗ ಖಾಲಿ ಬಿಡುತ್ತಾರೆ, ಏಕೆಂದರೆ ಬಿಸಿಲಿಗೆ ಈ ದ್ರವ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ಹಿಗ್ಗುತ್ತದೆ. ಮಲಗಿಸಿದರೆ ವಾಲ್ವ್ ದ್ರವದಲ್ಲಿ ಮುಳುಗಬಹುದು. ಆಗ ರೆಗ್ಯುಲೇಟರಿಗೆ ನುಗ್ಗುವುದು ಆವಿಯಲ್ಲ, ದ್ರವ. ಒಂದು ಲೀಟರ್ ದ್ರವ ಹೊರಬಂದು ಆವಿಯಾದರೆ ಸುಮಾರು 250 ಲೀಟರ್ ಅನಿಲ. ರೆಗ್ಯುಲೇಟರ್ ಅದನ್ನು ಹಿಡಿದಿಡಲು ಮಾಡಿದ್ದಲ್ಲ. ಒಲೆಯ ಜ್ವಾಲೆ ಆಳೆತ್ತರ ಏಳುತ್ತದೆ. ಒಲೆ ಹಚ್ಚಿರದಿದ್ದರೂ ಕತೆ ಬೇರೆಯಲ್ಲ. ವಾಲ್ವಿನೊಳಗಿನ ರಬ್ಬರ್ ಉಂಗುರ ಕೊಂಚ ಸವೆದಿದ್ದರೆ, ನಿಂತಾಗ ಒಂದು ಗಂಟೆಯಲ್ಲಿ ಸೋರುವಷ್ಟು ಅನಿಲ ಮಲಗಿದಾಗ ಕೆಲವೇ ನಿಮಿಷಗಳಲ್ಲಿ ಸೋರಿಹೋಗಬಹುದು.

ಸೋರಿದ ಅನಿಲ ಎಲ್ಲಿಗೆ ಹೋಗುತ್ತದೆ? ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಅದು ನೀರು ಹರಿದಂತೆ ತಗ್ಗು ಹುಡುಕಿ ಹರಿಯುತ್ತದೆ, ಹರಿದು ತುಂಬಿಕೊಳ್ಳುತ್ತದೆ. ಮನೆಯಲ್ಲಾದರೆ ಹೊಸ್ತಿಲು ದಾಟಿ, ಬಾಗಿಲ ಸಂದಿನಿಂದ ಒಂದಿಷ್ಟು ಹೊರಗೆ ಹೋದೀತು. ವಾಹನದ ಮೈ ಹಾಗಲ್ಲ. ಮಳೆ, ಧೂಳು ಒಳಬರಬಾರದೆಂದು ತಳವನ್ನೇ ಬಿಗಿಯಾಗಿ ಮುಚ್ಚಿರುತ್ತಾರೆ. ಗಾಳಿಗೆಂದು ಇಟ್ಟ ಕಿಟಕಿಗಳೆಲ್ಲ ಎದೆಮಟ್ಟದಿಂದ ಮೇಲೆ. ಕಿಟಕಿ ತೆಗೆದಿದ್ದೇವೆ, ಭಯವಿಲ್ಲ ಎಂದುಕೊಂಡು ಮಲಗಿದವರ ಕೆಳಗೆ ಅನಿಲ ನಿಂತಿರುತ್ತದೆ.

ಎಷ್ಟು ಅನಿಲ ಸಾಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಳಗೆ ಐದು ಮೀಟರ್ ಉದ್ದ, 1.8 ಮೀಟರ್ ಅಗಲ, ಅಷ್ಟೇ ಎತ್ತರವಿರುವ ವ್ಯಾನ್ ಒಂದನ್ನು ತೆಗೆದುಕೊಳ್ಳಿ. ಒಳಗಿನ ಜಾಗ 16 ಘನ ಮೀಟರ್. ಗಾಳಿಯಲ್ಲಿ ನೂರಕ್ಕೆ ಸುಮಾರು 1.8 ಪಾಲು ಎಲ್‌ಪಿಜಿ ಬೆರೆತರೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ, 9.5 ಪಾಲು ದಾಟಿದರೆ ಗಾಳಿ ಸಾಲದೆ ಹೊತ್ತುವುದಿಲ್ಲ. ಇಡೀ ವ್ಯಾನಿನ ಗಾಳಿ ಆ ಕೆಳಗಿನ ಮಿತಿ ಮುಟ್ಟಲು ಮುಕ್ಕಾಲು ಕಿಲೊ ಹತ್ತಿರ ಅನಿಲ ಬೇಕು. ಆದರೆ ಅನಿಲ ಸಮನಾಗಿ ಹರಡುವುದಿಲ್ಲ, ನೆಲ ಹಿಡಿಯುತ್ತದೆ. ನೆಲದಿಂದ ಒಂದಡಿ ಎತ್ತರದ ಪದರವಷ್ಟೇ ಹೊತ್ತುವ ಹದಕ್ಕೆ ಬರಲು ನೂರು ನೂರಿಪ್ಪತ್ತು ಗ್ರಾಂ ಸಾಕು. ದ್ರವದ ಲೆಕ್ಕದಲ್ಲಿ ಅದು ಒಂದು ಲೋಟ. 14.2 ಕಿಲೊದ ಸಿಲಿಂಡರಿನಲ್ಲಿ ಅಂಥ ನೂರಕ್ಕೂ ಹೆಚ್ಚು ಲೋಟಗಳಿವೆ.

ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ನಮ್ಮ ಮೂಗಿಗೆ ಬಡಿಯುವುದು ಬೇಕೆಂದೇ ಬೆರೆಸಿದ ಈಥೈಲ್ ಮರ್ಕಾಪ್ಟನ್. ಹೊತ್ತುವ ಮಿತಿಯ ಐದರಲ್ಲಿ ಒಂದು ಪಾಲು ಅನಿಲ ಇದ್ದರೂ ಮನುಷ್ಯನಿಗೆ ಗೊತ್ತಾಗಬೇಕು ಎಂಬ ಲೆಕ್ಕದಲ್ಲಿ ಅದನ್ನು ಸೇರಿಸುತ್ತಾರೆ. ಆದರೆ ನಿದ್ದೆ ಹೋದವರ ಮೂಗು ಎಚ್ಚರಿಸುವುದಿಲ್ಲ. ಎಚ್ಚರವಿದ್ದವರ ಮೂಗೂ ಹತ್ತಾರು ನಿಮಿಷದಲ್ಲಿ ಒಗ್ಗಿಹೋಗುತ್ತದೆ. ಅಗರಬತ್ತಿ, ಕರ್ಪೂರ, ಒಗ್ಗರಣೆ, ಡೀಸೆಲ್ ಎಲ್ಲವೂ ಸೇರಿದ ಯಾತ್ರೆಯ ಬಸ್ಸಿನಲ್ಲಿ ಬರಿಯ ಮೂಗನ್ನು ನಂಬಿ ಕೂರುವುದು ನನಗೆ ಸರಿಯೆನಿಸುವುದಿಲ್ಲ.

2024ರ ಡಿಸೆಂಬರ್ ಕೊನೆಯ ವಾರಕ್ಕೆ ಮುಂಚಿನ ಭಾನುವಾರ ರಾತ್ರಿ ಹುಬ್ಬಳ್ಳಿಯ ಉಣಕಲ್ ಬಳಿ ನಡೆದದ್ದನ್ನು ಕನ್ನಡನಾಡು ಮರೆತಿರಲಾರದು. ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ಸಿಲಿಂಡರಿನಿಂದ ಅನಿಲ ಸೋರಿ ಹೊತ್ತಿಕೊಂಡಿತು. ಒಂಬತ್ತು ಮಂದಿಗೆ ಸುಟ್ಟ ಗಾಯಗಳಾದವು, ಅವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ವಾಹನವಲ್ಲ, ಕೋಣೆ. ಆದರೆ ನೆಲದ ಮೇಲೆ ಸಾಲಾಗಿ ಮಲಗುವುದು, ಪಕ್ಕದಲ್ಲೇ ಸಿಲಿಂಡರ್ ಇರುವುದು, ಚಳಿಗೆ ಬಾಗಿಲು ಮುಚ್ಚುವುದು: ಯಾತ್ರೆಯ ಬಸ್ಸಿನಲ್ಲಿ ರಾತ್ರಿ ಕಳೆಯುವವರ ಸ್ಥಿತಿಯೂ ಇದೇ. ಅನಿಲ ನಿಲ್ಲುವ ಒಂದಡಿ ಎತ್ತರದ ಪದರದಲ್ಲೇ ಮಲಗಿದವರ ಮೈ ಇರುತ್ತದೆ.

ರೈಲಿನಲ್ಲಿ ಇದಕ್ಕೆ ಕಾನೂನೇ ಅಡ್ಡ ನಿಲ್ಲುತ್ತದೆ. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ವಸ್ತುಗಳನ್ನು ಕಾನೂನು ಮೀರಿ ಒಯ್ದರೆ ಮೂರು ವರ್ಷದವರೆಗೆ ಸೆರೆ. ಆದರೂ 2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೈ ನಿಲ್ದಾಣದ ಅಂಗಳದಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಂದು ಹೊತ್ತಿ ಉರಿದು ಒಂಬತ್ತು ಮಂದಿ ಸತ್ತರು. ಲಖನೌದಿಂದ ಹೊರಟಿದ್ದ ಖಾಸಗಿ ತಂಡ ಅದು. ಕಳ್ಳತನದಲ್ಲಿ ಒಳಗೆ ತಂದಿಟ್ಟುಕೊಂಡಿದ್ದ ಸಿಲಿಂಡರಿನಲ್ಲಿ ಬೆಳಗಿನ ಚಹಾ ಕಾಯಿಸಲು ಹೊರಟಾಗ ಬೆಂಕಿ ಹತ್ತಿತು. ಯಶವಂತಪುರದಿಂದ ಉತ್ತರಕ್ಕೆ ಹೊರಡುವ ಉದ್ದ ಪ್ರಯಾಣದ ರೈಲುಗಳಲ್ಲಿ ಗುಂಪಾಗಿ ಹೋಗುವವರು ‘ಚಿಕ್ಕ ಸಿಲಿಂಡರ್ ಒಂದೇ ತಾನೆ’ ಎಂದು ಯೋಚಿಸುವುದುಂಟು. ಐದು ಕಿಲೊ ಸಿಲಿಂಡರ್ ಎಂದರೆ ಮೇಲೆ ಹೇಳಿದ ಲೆಕ್ಕದ ನಲವತ್ತಕ್ಕೂ ಹೆಚ್ಚು ಲೋಟ.

ಇಷ್ಟೆಲ್ಲ ಓದಿ ಎಲ್‌ಪಿಜಿಗೂ ವಾಹನಕ್ಕೂ ಕೂಡಿಬರುವುದೇ ಇಲ್ಲ ಎಂದುಕೊಳ್ಳಬೇಕಿಲ್ಲ. ಬೆಂಗಳೂರಿನ ರಸ್ತೆಗಳಲ್ಲೇ ಅದಕ್ಕೆ ಒಳ್ಳೆಯ ಉತ್ತರ ಓಡಾಡುತ್ತಿದೆ: ಹಸಿರು ಮೈಯ, ಹಳದಿ ಟಾಪಿನ ಆಟೊ. 2000ದಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ ವಾಹನಗಳಲ್ಲಿ ಎಲ್‌ಪಿಜಿ ಬಳಸಲು ಅನುಮತಿ ಸಿಕ್ಕಿತು. ಆಮೇಲಿನ ವರ್ಷಗಳಲ್ಲಿ ಹೊಗೆ ಕಾರುತ್ತಿದ್ದ ಹಳೆಯ ಟೂ-ಸ್ಟ್ರೋಕ್ ಆಟೊಗಳ ಜಾಗವನ್ನು ಗ್ಯಾಸ್ ಆಟೊಗಳು ತುಂಬಿದವು. ಆಟೊದ ಟ್ಯಾಂಕೂ ಮಲಗಿಯೇ ಇರುತ್ತದೆ. ಆದರೆ ಅದನ್ನು ಮಲಗಿರಲೆಂದೇ ಮಾಡಿರುತ್ತಾರೆ. ಅದರಿಂದ ತೆಗೆಯುವುದೇ ದ್ರವ; ಎಂಜಿನ್ನಿನ ಶಾಖದಿಂದ ಅದನ್ನು ಆವಿ ಮಾಡುವ ಬೇರೆ ಉಪಕರಣವಿದೆ. ಟ್ಯಾಂಕಿನ ಬಾಯಿಗೆ ಕೂರಿಸಿದ ವಾಲ್ವು ಒಂದೇ ಅನ್ನಿಸಿದರೂ ಅದರೊಳಗೆ ಹಲವು ಕಾವಲುಗಾರರು: ಟ್ಯಾಂಕು ನೂರಕ್ಕೆ 80 ಪಾಲು ತುಂಬಿದೊಡನೆ ತಾನಾಗಿ ನಿಲ್ಲಿಸುವುದು, ಒತ್ತಡ ಮಿತಿಮೀರಿದರೆ ಬಿಟ್ಟುಕೊಡುವುದು, ಕೊಳವೆ ಮುರಿದು ಅನಿಲ ಭರದಿಂದ ನುಗ್ಗತೊಡಗಿದರೆ ಮುಚ್ಚಿಕೊಳ್ಳುವುದು, ತುಂಬಿದ್ದು ಹಿಂದಕ್ಕೆ ಬರದಂತೆ ತಡೆಯುವುದು. ಟ್ಯಾಂಕನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಬೇಕು. ಅಡುಗೆ ಸಿಲಿಂಡರಿನ ವಾಲ್ವಿನಲ್ಲಿ ಇಷ್ಟೆಲ್ಲ ಇಲ್ಲ, ಏಕೆಂದರೆ ಅದು ಮೂಲೆಯಲ್ಲಿ ನೆಟ್ಟಗೆ ನಿಂತಿರುತ್ತದೆ ಎಂದೇ ವಿನ್ಯಾಸಕಾರರು ನಂಬಿದ್ದರು. ದುಡ್ಡು ಉಳಿಸಲು ಅಡುಗೆ ಸಿಲಿಂಡರಿನಿಂದ ಆಟೊ ಟ್ಯಾಂಕಿಗೆ ಗ್ಯಾಸ್ ತುಂಬಿಸುವ ಕಳ್ಳ ಅಡ್ಡೆಗಳ ಮೇಲೆ ನಗರದ ಪೊಲೀಸರು ಆಗಾಗ ದಾಳಿ ಮಾಡುತ್ತಾರೆ. ಅಂಥ ಶೆಡ್ಡುಗಳಲ್ಲಿ ತುಂಬುವಾಗಲೇ ಸೋರಿದ ಅನಿಲ ನೆಲದ ಮೇಲೆ ಹರಡಿರುತ್ತದೆ, ಪಕ್ಕದಲ್ಲಿ ಕಿಡಿ ಹಾರಿಸುವ ಮೋಟಾರ್ ಓಡುತ್ತಿರುತ್ತದೆ.

ಕ್ಯಾರವಾನ್ ಕಟ್ಟಿಸುವವರು, ಬಾಡಿಗೆಗೆ ಪಡೆಯುವವರು ಆಟೊದಿಂದ ಕಲಿಯಬೇಕಾದದ್ದು ಬಹಳ ಇದೆ. ನಮ್ಮಲ್ಲಿ ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಹಳೆಯ ವ್ಯಾನಿಗೆ ಗ್ಯಾರೇಜಿನಲ್ಲಿ ಹಾಸಿಗೆ, ಸಿಂಕು, ಒಲೆ ಕೂರಿಸಿ ‘ಕ್ಯಾಂಪರ್’ ಎನ್ನುವುದು ಸುಲಭ. ಗ್ಯಾಸಿನ ಕೆಲಸ ಸರಿಯಾಗಿದೆಯೇ ಎಂದು ನೋಡುವುದು ಬೇರೆಯೇ ಸಂಗತಿ. ನೋಡಬೇಕಾದ ಮೊದಲ ಜಾಗ ಸಿಲಿಂಡರಿನ ಪೆಟ್ಟಿಗೆ. ಅದರ ಬಾಗಿಲು ವಾಹನದ ಹೊರಕ್ಕೆ ತೆರೆಯಬೇಕು, ಒಳಭಾಗಕ್ಕೆ ಯಾವ ಸಂದೂ ಇರಬಾರದು. ಪೆಟ್ಟಿಗೆಯ ತಳದಲ್ಲಿ ರಸ್ತೆಯತ್ತ ತೆರೆದ ತೂತಿರಬೇಕು. ಸೋರಿದ್ದು ತಾನಾಗಿ ಕೆಳಗಿಳಿದು ಗಾಳಿಗೆ ಸೇರಲಿ. ಆ ತೂತು ಎಕ್ಸಾಸ್ಟ್ ಕೊಳವೆಯ ಹತ್ತಿರ ಇರಬಾರದು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಮೇಲೊಂದು, ಕೆಳಗೊಂದು ಪಟ್ಟಿ ಬಿಗಿಯಬೇಕು, ರಸ್ತೆಯ ಉಬ್ಬುತಗ್ಗಿಗೆ ಅದು ಕದಲಬಾರದು. ವಾಸದ ಭಾಗದ ನೆಲದಲ್ಲೂ ಅಂಥದೇ ಒಂದು ತೂತು ಬೇಕು. ಧೂಳು, ಇಲಿ, ಜಿರಲೆ ಬರುತ್ತವೆಂದು ಅದನ್ನು ಟೇಪ್ ಹಚ್ಚಿ ಮುಚ್ಚಿದ ವಾಹನಗಳನ್ನು ನೋಡಿ ನನಗೆ ಎದೆ ಝಲ್ಲೆಂದಿದೆ. ತಂತಿಯ ಜಾಲರಿ ಹಾಕಿ, ಮುಚ್ಚಬೇಡಿ.

ಜ್ವಾಲೆ ಗಾಳಿಗೆ ಆರಿದರೆ ಅನಿಲವನ್ನು ತಾನೇ ನಿಲ್ಲಿಸುವ ಒಲೆಗಳಿವೆ. ಬರ್ನರಿನ ಪಕ್ಕದಲ್ಲಿ ಒಂದು ಪುಟ್ಟ ಲೋಹದ ಕಡ್ಡಿ ಇರುತ್ತದೆ. ಅದು ಬಿಸಿಯಾಗಿರುವಷ್ಟು ಹೊತ್ತು ಅತಿ ಸಣ್ಣ ವಿದ್ಯುತ್ ಹುಟ್ಟಿಸಿ ವಾಲ್ವನ್ನು ತೆರೆದು ಹಿಡಿದಿರುತ್ತದೆ, ತಣಿದರೆ ವಾಲ್ವ್ ಮುಚ್ಚುತ್ತದೆ. ಬಯಲಲ್ಲಿ ನಿಂತ ವಾಹನದೊಳಗೆ ಒಂದು ಬೀಸಿದ ಗಾಳಿಗೆ ಒಲೆ ಆರುವುದು ಸಾಮಾನ್ಯವಾದ್ದರಿಂದ, ಇಂಥ ಒಲೆಯಿಲ್ಲದ ಕ್ಯಾಂಪರನ್ನು ನಾನು ಯಾರಿಗೂ ಸೂಚಿಸಲಾರೆ. ಗ್ಯಾಸ್ ಸೋರಿಕೆ ಹೇಳುವ ಅಲಾರ್ಮ್ ನೆಲದ ಹತ್ತಿರ ಇರಲಿ. ಛಾವಣಿಗೆ ಅಂಟಿಸಿದ್ದರೆ ಅದು ಎಚ್ಚರಿಸುವ ಹೊತ್ತಿಗೆ ಕಾಲ ಮೀರಿರುತ್ತದೆ.

ಇಲ್ಲಿಯವರೆಗಿನ ಮಾತು ಉರಿಯದ ಅನಿಲದ್ದು. ಉರಿದ ಅನಿಲದ ಅಪಾಯ ಇನ್ನೂ ಮೌನವಾದದ್ದು, ಹಾಗಾಗಿ ಅದನ್ನು ಬಲ್ಲವರೂ ಕಡಿಮೆ. ಒಂದು ಕಿಲೊ ಎಲ್‌ಪಿಜಿ ಪೂರ್ತಿ ಉರಿಯಲು ಹದಿನೈದು ಕಿಲೊಗಿಂತ ಹೆಚ್ಚು ಗಾಳಿ ಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ತೆಳುಗಾಳಿಯಲ್ಲಿ ಅದು 14 ಘನ ಮೀಟರಿನಷ್ಟಾಗುತ್ತದೆ: ನಮ್ಮ ಲೆಕ್ಕದ ವ್ಯಾನಿನ ಹೆಚ್ಚುಕಡಿಮೆ ಇಡೀ ಗಾಳಿ. ಒಂದು ಬರ್ನರ್ ಗಂಟೆಗೆ ನೂರೈವತ್ತು ಗ್ರಾಂ ಉರಿಸುತ್ತದೆ ಎಂದಿಟ್ಟುಕೊಳ್ಳಿ. ಆಮ್ಲಜನಕ ಪೂರ್ತಿ ಮುಗಿಯುವುದಕ್ಕೆ ಎಷ್ಟೋ ಮುಂಚೆ ಜ್ವಾಲೆ ಸೊರಗಿ, ಉರಿ ಅರೆಬರೆಯಾಗಿ, ಕಾರ್ಬನ್ ಮಾನಾಕ್ಸೈಡ್ ಹುಟ್ಟತೊಡಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ. ಘಾಟಿ ಇಳಿದು ಬಂದವರು ಇದನ್ನು ದಾರಿಯ ತಿರುವುಗಳ ವಾಂತಿ ಎಂದೇ ತಿಳಿದು ಮಲಗಿಬಿಡುತ್ತಾರೆ, ಮಲಗಿದವರು ಏಳುವುದಿಲ್ಲ.

ಹುಬ್ಬಳ್ಳಿಯ ದುರಂತ ನಡೆದ ಅದೇ ವಾರ ಕೇರಳದ ವಡಕರ ಬಳಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಎ.ಸಿ. ಓಡಿಸಲು ಹಚ್ಚಿದ್ದ ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ನೆಲದ ತೂತಿನ ಮೂಲಕ ಒಳಗೆ ಬಂದಿತ್ತು ಎಂಬುದನ್ನು ಕ್ಯಾಲಿಕಟ್‌ನ ಎನ್‌ಐಟಿಯ ತಜ್ಞರು ವಾಹನದಲ್ಲೇ ಪರೀಕ್ಷೆ ನಡೆಸಿ ಕಂಡುಕೊಂಡರು. ಅನಿಲ ಇಳಿದುಹೋಗಲಿ ಎಂದು ಬಿಟ್ಟ ತೂತು ಹೊಗೆ ಒಳನುಗ್ಗುವ ದಾರಿಯೂ ಆಗಬಹುದು ಎಂಬುದನ್ನು ಇಲ್ಲಿ ಗಮನಿಸಬೇಕು. ಹಾಗೆಂದು ತೂತು ಮುಚ್ಚುವುದು ಉತ್ತರವಲ್ಲ. ನಿಂತ ವಾಹನದ ಕೆಳಗೆ, ಒಳಗೆ, ಪಕ್ಕದಲ್ಲಿ ಜನರೇಟರ್ ಓಡಿಸಿ ನಿದ್ದೆ ಮಾಡದಿರುವುದು ಉತ್ತರ. ಕಾರ್ಬನ್ ಮಾನಾಕ್ಸೈಡ್ ಗಾಳಿಯಷ್ಟೇ ತೂಕದ್ದು, ಎಲ್ಲೆಡೆ ಬೆರೆಯುತ್ತದೆ. ಅದರ ಅಲಾರ್ಮ್ ಮಲಗುವವರ ತಲೆಯ ಮಟ್ಟದಲ್ಲಿ ಇರಬೇಕು. ಗ್ಯಾಸಿನ ಅಲಾರ್ಮೇ ಬೇರೆ, ಇದೇ ಬೇರೆ. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ಡಿಸೆಂಬರಿನ ಚಳಿಗೆ ಅಡುಗೆ ಒಲೆ ಹಚ್ಚಿಟ್ಟುಕೊಂಡು ವ್ಯಾನನ್ನು ಬೆಚ್ಚಗೆ ಮಾಡಿಕೊಳ್ಳುವ ಉಪಾಯವನ್ನು ಪೂರ್ತಿ ಬಿಡಬೇಕು. ಉರಿಯುವಾಗ ಒಳಗೆ ಗಾಳಿ ಸಾಲುತ್ತಿಲ್ಲ ಎಂಬುದಕ್ಕೆ ಒಂದು ಸುಳಿವೂ ಇದೆ. ಒಂದು ಕಿಲೊ ಅನಿಲ ಉರಿದರೆ ಒಂದೂವರೆ ಕಿಲೊಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಕಿಟಕಿಯ ಗಾಜುಗಳ ಮೇಲೆ ನೀರು ಹನಿಗಟ್ಟಿ ಇಳಿಯತೊಡಗಿದರೆ ಒಳಗಿನ ಹವೆ ಹೊರಗೆ ಹೋಗುತ್ತಿಲ್ಲವೆಂದೇ ಅರ್ಥ. ಒಲೆ ಆರಿಸಿ ಬಾಗಿಲು ತೆರೆಯಿರಿ. ನೀಲಿಯಾಗಿದ್ದ ಜ್ವಾಲೆ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗುವುದೂ ಅದೇ ಮಾತನ್ನು ಹೇಳುತ್ತದೆ.

ಹಳದಿ ಜ್ವಾಲೆಗೆ ಇನ್ನೊಂದು ಕಾರಣ ನಮ್ಮ ಊರಿನದೇ. ವರ್ಷದಲ್ಲಿ ಎರಡು ಮೂರು ಪ್ರವಾಸ ಮುಗಿಸಿ ಉಳಿದ ದಿನವೆಲ್ಲ ಯಲಹಂಕದ ಯಾವುದೋ ಬಡಾವಣೆಯ ಖಾಲಿ ನಿವೇಶನದಲ್ಲಿ ನಿಂತ ವಾಹನದ ಒಲೆಯೊಳಗೆ ಮಣ್ಣಿನ ಗೂಡು ಕಟ್ಟುವ ಕಣಜ ಬಂದು ಸೇರುತ್ತದೆ, ಜೇಡ ಬಲೆ ನೇಯುತ್ತದೆ. ಗಾಳಿ ಎಳೆದುಕೊಳ್ಳುವ ಕೊಳವೆ ಅರ್ಧ ಮುಚ್ಚಿದರೆ ಉರಿ ಕೆಡುತ್ತದೆ. ಇಲಿ ರಬ್ಬರ್ ಕೊಳವೆ ಕಡಿಯುತ್ತದೆ. ಹೀಗಾಗಿ ಬಹಳ ದಿನ ನಿಂತ ವಾಹನವನ್ನು ಹೊರತೆಗೆಯುವಾಗ ಟೈರು, ಬ್ಯಾಟರಿ ನೋಡುವ ಮುಂಚೆ ಗ್ಯಾಸಿನ ದಾರಿಯನ್ನು ಬೆರಳಿನಿಂದ ಹಿಡಿದು ನೋಡಬೇಕು. ಕೊಳವೆ ಐಎಸ್ 9573 ಗುರುತಿನ, ಒಳಗೆ ಉಕ್ಕಿನ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಯಾಗಿರಲಿ, ಐದು ವರ್ಷಕ್ಕೆ ಬದಲಾಗಲಿ. ಗೋಡೆಯ ತೂತಿನಲ್ಲಿ ತೂರಿ ಬರುವ ಕಡೆ ಅದು ತಗಡಿಗೆ ಉಜ್ಜುತ್ತಿದೆಯೇ ಎಂದು ನೋಡಿ; ಕುಲುಕಾಟದಲ್ಲಿ ತಗಡಿನ ಅಂಚು ಗರಗಸದ ಕೆಲಸ ಮಾಡುತ್ತದೆ. ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಸಿಲಿಂಡರ್ ತೆರೆದು, ಒಲೆಯ ಗುಂಡಿಗಳನ್ನು ಮುಚ್ಚಿಟ್ಟುಕೊಂಡು ಗುಳ್ಳೆ ಏಳುತ್ತದೆಯೇ ಎಂದು ಕಾಯಿರಿ. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವವರು ಈಗಲೂ ಇದ್ದಾರೆ, ಅವರ ಕೈಯಿಂದ ಕಡ್ಡಿಪೆಟ್ಟಿಗೆ ಕಿತ್ತುಕೊಳ್ಳಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ‘ಎ’ ಎಂದರೆ ಜನವರಿಯಿಂದ ಮಾರ್ಚ್, ‘ಬಿ’ ಏಪ್ರಿಲಿನಿಂದ ಜೂನ್, ಹಾಗೆಯೇ ‘ಸಿ’, ‘ಡಿ’, ಅಂಕಿ ಇಸವಿಯದು. ‘ಬಿ-27’ ಎಂದಿದ್ದರೆ 2027ರ ಜೂನ್ ಒಳಗೆ ಆ ಸಿಲಿಂಡರ್ ಪರೀಕ್ಷೆಗೆ ಹೋಗಬೇಕು. ಅವಧಿ ಮೀರಿದ್ದನ್ನು ತೆಗೆದುಕೊಳ್ಳಬೇಡಿ. ಇನ್ನೊಂದು ಮಾತು: ಮನೆಯ ಕೆಂಪು ಸಿಲಿಂಡರ್ ಮನೆಯ ಅಡುಗೆಗೆ ಮಾತ್ರ. ವ್ಯಾಪಾರಕ್ಕೆ ನೀಲಿಯದು, ಪ್ರವಾಸಕ್ಕೆ ಐದು ಕಿಲೊದ ಮುಕ್ತ ಮಾರಾಟದ ಸಿಲಿಂಡರ್ ಇದೆ. ವಿಳಾಸದ ಪುರಾವೆ ಕೇಳದೆ, ಗುರುತಿನ ಚೀಟಿ ತೋರಿಸಿದರೆ ಕೊಡುತ್ತಾರೆ. ಚಿಕ್ಕದಾದ್ದರಿಂದ ಅದನ್ನು ನೆಟ್ಟಗೆ ನಿಲ್ಲಿಸುವುದೂ ಸುಲಭ.

ಫುಡ್ ಟ್ರಕ್‌ನವರು ಬಲ್ಲ ಒಂದು ಸಂಗತಿ ಪ್ರವಾಸಿಗರಿಗೂ ತಿಳಿದಿರಬೇಕು. ರಾತ್ರಿಯ ವ್ಯಾಪಾರದ ಭರದಲ್ಲಿ ದೊಡ್ಡ ಬರ್ನರುಗಳು ಭೋರೆಂದು ಉರಿಯುವಾಗ ಸಿಲಿಂಡರಿನ ಹೊರಮೈ ಬೆವರುತ್ತದೆ, ಕೆಳಭಾಗದಲ್ಲಿ ಬೆಳ್ಳಗೆ ಮಂಜೂ ಕಟ್ಟುತ್ತದೆ, ಉರಿ ಸಣ್ಣದಾಗುತ್ತದೆ. ಒಂದು ಕಿಲೊ ದ್ರವ ಆವಿಯಾಗಲು ಬೇಕಾಗುವ ಶಾಖ, ಹೆಚ್ಚುಕಡಿಮೆ ಒಂದು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸುವಷ್ಟು. ಆ ಶಾಖವನ್ನು ಅದು ತನ್ನ ಮೈಯಿಂದ, ಸುತ್ತಲಿನ ಗಾಳಿಯಿಂದ ಹೀರಿಕೊಳ್ಳುತ್ತದೆ. ನಾವು ಅವಸರ ಮಾಡಿದರೆ ಹೀರಲು ಸಮಯ ಸಾಲದು. ಗ್ಯಾಸ್ ಮುಗಿಯಿತೆಂದು ಸಿಲಿಂಡರನ್ನು ಅಲ್ಲಾಡಿಸುವುದು, ಬೋರಲು ಹಾಕುವುದು, ಕುದಿನೀರು ಸುರಿಯುವುದು, ಒಲೆಯ ಪಕ್ಕಕ್ಕೆ ಎಳೆದಿಡುವುದು ಎಲ್ಲವೂ ನಡೆಯುತ್ತವೆ. ಕುದಿನೀರು ಬಿದ್ದ ಕಡೆ ಒತ್ತಡ ಒಮ್ಮೆಲೇ ಏರುತ್ತದೆ. ಎರಡು ಸಿಲಿಂಡರುಗಳನ್ನು ಸರಿಯಾದ ಜೋಡಣೆಯಿಂದ ಒಟ್ಟಿಗೆ ಬಳಸಿದರೆ ಒಂದೊಂದರ ಮೇಲಿನ ಹೊರೆ ಅರ್ಧವಾಗುತ್ತದೆ, ಮಂಜು ಕಟ್ಟುವುದಿಲ್ಲ.

ಲಡಾಖಿನತ್ತ ಹೊರಡುವ ಬೆಂಗಳೂರಿಗರಿಗೆ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಇಲ್ಲಿ ವರ್ಷವಿಡೀ ಚೆನ್ನಾಗಿ ಉರಿದ ಬ್ಯೂಟೇನ್ ಅಲ್ಲಿನ ಕೊರೆಯುವ ರಾತ್ರಿಯಲ್ಲಿ ಆವಿಯಾಗಲು ಒಲ್ಲೆ ಎನ್ನುತ್ತದೆ. ಪ್ರೊಪೇನ್ ಮೊದಲು ಆವಿಯಾಗಿ ಹೋಗಿಬಿಡುತ್ತದೆ, ತಳದಲ್ಲಿ ಬ್ಯೂಟೇನ್ ಉಳಿಯುತ್ತದೆ, ಸಿಲಿಂಡರ್ ತೂಗಿದರೆ ಭಾರವಿರುತ್ತದೆ, ಒಲೆ ಮಾತ್ರ ಹತ್ತುವುದಿಲ್ಲ. ಚಳಿದೇಶದ ವಾಹನಗಳಲ್ಲಿ ಬರಿಯ ಪ್ರೊಪೇನನ್ನೇ ಬಳಸುವುದು ಈ ಕಾರಣಕ್ಕೆ. ಅಂಥ ರಾತ್ರಿ ಸಿಲಿಂಡರನ್ನು ಮಲಗುವ ಜಾಗಕ್ಕೆ ತಂದು ಬೆಚ್ಚಗಿಡುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಬಿಸಿಲೇರಿದ ಮೇಲೆ ಅಡುಗೆ ಮಾಡಿ, ರಾತ್ರಿಗೆ ಫ್ಲಾಸ್ಕ್ ತುಂಬಿಟ್ಟುಕೊಳ್ಳುವುದೇ ಸರಿ.

ಗ್ಯಾಸನ್ನೇ ಬಿಟ್ಟು ಲಿಥಿಯಂ ಬ್ಯಾಟರಿ, ಇಂಡಕ್ಷನ್ ಒಲೆ ಹಾಕಿಸಿಕೊಳ್ಳುವ ಕ್ಯಾಂಪರ್ ಮಾಲೀಕರು ಈಗ ಹೆಚ್ಚುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಐದು ಕಿಲೊ ಎಲ್‌ಪಿಜಿಯಲ್ಲಿರುವ ಶಕ್ತಿ ಸುಮಾರು 64 ಯೂನಿಟ್ ವಿದ್ಯುತ್ತಿಗೆ ಸಮ. ಒಲೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪೋಲಾದರೂ ನಲವತ್ತು ಯೂನಿಟ್ ಪಾತ್ರೆಗೆ ಸೇರುತ್ತದೆ. ಅಷ್ಟನ್ನು ಹಿಡಿದಿಡುವ ಬ್ಯಾಟರಿಯ ತೂಕ ನೂರಾರು ಕಿಲೊ. ನಲವತ್ತು ಜನರಿಗೆ ಅನ್ನ ಸಾರು ಮಾಡುವ ಯಾತ್ರೆಯ ಬಸ್ಸು ಬೇಗನೆ ಗ್ಯಾಸ್ ಬಿಡಲಾರದು. ಬಸ್ಸಿನವರು ಮಾಡಬಹುದಾದದ್ದು ಒಂದಿದೆ: ಒಲೆ, ಸಿಲಿಂಡರ್ ಎರಡನ್ನೂ ವಾಹನದಿಂದ ಇಳಿಸಿ, ಹತ್ತಾರು ಅಡಿ ದೂರದಲ್ಲಿ ಬಯಲಲ್ಲಿ ಅಡುಗೆ ಮಾಡುವುದು, ಹೊರಡುವಾಗ ರೆಗ್ಯುಲೇಟರ್ ಕಳಚಿ, ವಾಲ್ವಿಗೆ ನೈಲಾನ್ ದಾರದ ಮುಚ್ಚಳ ಒತ್ತಿ, ನೆಟ್ಟಗೆ ಕಟ್ಟಿ ನಿಲ್ಲಿಸುವುದು. ನಿಲ್ಲಿಸುವ ಜಾಗ ಬಸ್ಸಿನಲ್ಲಿ ಇಲ್ಲವೆಂದಾದರೆ ಆ ಬಸ್ಸಿನಲ್ಲಿ ಸಿಲಿಂಡರ್ ಹೋಗಬಾರದು. ಸೇರಿದ ಊರಿನ ಛತ್ರದಲ್ಲಿ, ದೇವಸ್ಥಾನದ ಅಡುಗೆಮನೆಯಲ್ಲಿ ಬಾಡಿಗೆಗೆ ಒಲೆ ಸಿಗುತ್ತದೆ.

ಇಷ್ಟಾಗಿಯೂ ವಾಸನೆ ಬಂದರೆ? ಮನೆಯಲ್ಲಿ ಸ್ವಿಚ್ ಮುಟ್ಟಬೇಡಿ ಎಂಬುದು ಎಲ್ಲರಿಗೂ ಗೊತ್ತು. ವಾಹನದಲ್ಲಿ ಮುಟ್ಟದೆಯೇ ಕಿಡಿ ಹಾರಿಸುವವು ಹಲವಿವೆ: ತಾನಾಗಿ ಶುರುವಾಗುವ ಫ್ರಿಜ್ಜಿನ ಕಂಪ್ರೆಸರ್, ಇನ್ವರ್ಟರಿನ ರಿಲೇ, ಬಾಗಿಲು ತೆಗೆದರೆ ಹತ್ತುವ ಒಳದೀಪ. ಎಲ್ಲಕ್ಕಿಂತ ದೊಡ್ಡ ಕಿಡಿ ಸ್ಟಾರ್ಟರ್ ಮೋಟಾರಿನದು, ಅದೂ ನೆಲಮಟ್ಟದಲ್ಲೇ. ಗಾಬರಿಯಲ್ಲಿ ಚಾಲಕ ಮೊದಲು ಮಾಡುವುದು ಗಾಡಿಯನ್ನು ದೂರ ಒಯ್ಯೋಣ ಎಂದು ಕೀಲಿ ತಿರುಗಿಸುವುದು. ತಿರುಗಿಸಬಾರದು. ಓಡುತ್ತಿರುವಾಗ ವಾಸನೆ ಬಂದರೆ ಜನಸಂದಣಿಯಿಲ್ಲದ, ತಗ್ಗಲ್ಲದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ಗಾಳಿ ಬೀಸಿ ಬರುವ ದಿಕ್ಕಿಗೆ ಕಳಿಸಬೇಕು. ಗಾಳಿ ಹೋಗುವ ದಿಕ್ಕಿಗೆ ಅನಿಲವೂ ಹೋಗುತ್ತಿರುತ್ತದೆ. ಫ್ಲೈಓವರಿನ ಕೆಳಗಿನ ಅಂಡರ್‌ಪಾಸ್, ಚರಂಡಿಯ ಪಕ್ಕ, ನೆಲಮಾಳಿಗೆಯ ಪಾರ್ಕಿಂಗ್ ಇವು ನಿಲ್ಲಿಸುವ ಜಾಗಗಳಲ್ಲ. ಹೊರಗಿನಿಂದಲೇ ಕೈಗೆ ಸಿಗುವಂತಿದ್ದರೆ ಸಿಲಿಂಡರ್ ಮುಚ್ಚಿ. ಬಾಗಿಲು, ಡಿಕ್ಕಿ ಎಲ್ಲ ತೆರೆದಿಡಿ. ದೂರ ಸರಿದ ಮೇಲೆ ಮೊಬೈಲ್ ತೆಗೆದು 1906ಕ್ಕೆ ಕರೆ ಮಾಡಿ. ಎಲ್‌ಪಿಜಿ ಸೋರಿಕೆಗೆಂದೇ ದೇಶಕ್ಕೆಲ್ಲ ಇರುವ ಸಂಖ್ಯೆ ಅದು, ಹಗಲು ರಾತ್ರಿ ಎತ್ತುತ್ತಾರೆ. ಬೆಂಕಿ ಕಂಡರೆ 112. ವಾಸನೆ ಹೋಯಿತೆಂದು ಕೂಡಲೇ ಹತ್ತಬೇಡಿ: ಸೀಟಿನ ಕೆಳಗೆ, ಡಿಕ್ಕಿಯ ಮೂಲೆಯಲ್ಲಿ, ಗಾಲಿಯ ಮೇಲಿನ ಗೂಡುಗಳಲ್ಲಿ ಅನಿಲ ಇನ್ನೂ ನಿಂತಿರುತ್ತದೆ, ಮತ್ತು ನಿಮ್ಮ ಮೂಗು ಅಷ್ಟರಲ್ಲಿ ಅದಕ್ಕೆ ಒಗ್ಗಿರುತ್ತದೆ. ಆಗಷ್ಟೇ ಬಂದ ಇನ್ನೊಬ್ಬರ ಮೂಗಿಗೆ ಅಲ್ಲಿ ಏನೂ ತಾಗದಿದ್ದರೆ, ಸೋರಿದ ಜಾಗ ಯಾವುದೆಂದು ಸೋಪಿನ ನೊರೆ ತೋರಿಸಿಕೊಟ್ಟಿದ್ದರೆ, ಆ ಸಿಲಿಂಡರ್ ವಾಹನದಿಂದ ಕೆಳಗಿಳಿದಿದ್ದರೆ, ಆಮೇಲೆ ಕೀಲಿ ತಿರುಗಿಸಬಹುದು.